ರೀಮೇಕ್ ರಗಳೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಥೆ ಅದೇ, ದೃಶ್ಯ ಅದೇ, ಮಾತೂ ಹೆಚ್ಚುಕಡಿಮೆ ಅದೇ. ಆದರೂ ರೀಮೇಕ್ ಸಪ್ಪೆ ಎನಿಸುತ್ತದಲ್ಲ, ಏಕೆ? (ಓದುಗರು, ಸಾಗರ)

ಉತ್ತರ: ಎಲ್ಲವೂ ಅದೇ ಆಗಿರುವುದರಿಂದಲೇ. ಪ್ರತಿ ಕಥೆಗೂ ಅದು ಹುಟ್ಟಿದ ಊರಿನಲ್ಲಿ ಮಾತ್ರ ತಿರುಗುವ ಒಂದು ಕೀಲಿರುತ್ತದೆ. ಬೇರೆ ಭಾಷೆಗೆ ತರುವವರು ಬದಲಿಸಬೇಕಾದದ್ದು ಅದನ್ನು. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ ತೆಗೆದುಕೊಳ್ಳಿ. ಕೇರಳದ ಹಳೇ ಮನೆಗೆ ಬಂದ ಗಂಗಾ ಇದ್ದಕ್ಕಿದ್ದಂತೆ ತಮಿಳು ಮಾತಾಡತೊಡಗುತ್ತಾಳೆ. ಅವಳ ಮನಸ್ಸನ್ನು ಹಿಡಿದಿರುವ ನಾಗವಲ್ಲಿ ತಂಜಾವೂರಿನ ನರ್ತಕಿ. ಮೈ ಜುಮ್ಮೆನ್ನುವುದು ಆ ಭಾಷೆಯಿಂದ. ಅದು ಪೂರ್ತಿ ಅಪರಿಚಿತವೂ ಅಲ್ಲ, ಅರ್ಧಂಬರ್ಧ ತಿಳಿಯುವ ನೆರೆಮನೆಯ ಮಾತು. 2004ರ ‘ಆಪ್ತಮಿತ್ರ’ದಲ್ಲಿ ಪಿ. ವಾಸು ಆ ಜಾಗಕ್ಕೆ ತೆಲುಗನ್ನು ತಂದರು. ಕನ್ನಡದ ಕಿವಿಗೆ ಅದು ಸರಿಯಾಗಿ ಕೂತಿತು. ಮರುವರ್ಷ ಅವರೇ ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದಾಗಲೂ ತೆಲುಗೇ ಉಳಿಯಿತು. ತಮಿಳರ ಮುಂದೆ ತಮಿಳು ಆಡಿಸಿದ್ದರೆ ಹೆದರುವವರು ಯಾರು? 2007ರ ಹಿಂದಿ ‘ಭೂಲ್ ಭುಲೈಯಾ’ದಲ್ಲಿ ಅದೇ ಕೀಲು ಬಂಗಾಳಿಯಾಯಿತು.

‘ದೃಶ್ಯಂ’ (2013) ಇನ್ನೊಂದು ಪಾಠ. ಮೂಲದ ಜಾರ್ಜ್‌ಕುಟ್ಟಿ ಕ್ರೈಸ್ತ. ಕುಟುಂಬ ಧ್ಯಾನಕೇಂದ್ರಕ್ಕೆ ಹೋಗಿತ್ತೆಂದು ಊರವರ ನೆನಪಿನಲ್ಲಿ ಸಾಕ್ಷ್ಯ ಬಿತ್ತುತ್ತಾನೆ. 2015ರ ಹಿಂದಿಯಲ್ಲಿ ಕಥೆ ಗೋವಾದ್ದು, ನಾಯಕ ಸಾಲ್ಗಾಂವ್ಕರ್. ಹಾಗಾಗಿ ಧ್ಯಾನಕೇಂದ್ರ ಹೋಗಿ ಪಣಜಿಯ ಸತ್ಸಂಗ ಬಂತು. ಆ ಮನೆಯವರು ನಿಜಕ್ಕೂ ಹೋಗಬಹುದಾದ ಜಾಗವದು, ಅದಕ್ಕೇ ನಂಬುತ್ತೇವೆ.

ಇನ್ನು, ಮುಟ್ಟಬಾರದ್ದನ್ನು ಮುಟ್ಟಿ ಕೆಡಿಸುವುದೂ ಉಂಟು. ಮಣಿಚಿತ್ರತ್ತಾಳ್‌ನಲ್ಲಿ ಮೋಹನ್‌ಲಾಲ್ ಬರುವ ಹೊತ್ತಿಗೆ ಮನೆ, ಮನೆಯವರು, ಬೀಗ ಹಾಕಿದ ಕೋಣೆ ಎಲ್ಲ ನಮ್ಮೊಳಗೆ ಇಳಿದಿರುತ್ತವೆ. ಚಂದ್ರಮುಖಿಯಲ್ಲಿ ತಾರೆ ರಜನಿಕಾಂತ್ ಹಾಡಿನೊಂದಿಗೆ ಮೊದಲೇ ಹಾಜರು. ಶಿಳ್ಳೆ ಸಿಕ್ಕಿತು, ಅನುಮಾನದ ಬಿಗಿ ಸಡಿಲಾಯಿತು.

ಪ್ರಶ್ನೆ: ರಾಜ್‌ಕುಮಾರ್ ಅವರ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚಿದ್ದು ಕಣ್ಣಿಗೆ ಒಗ್ಗುತ್ತಿಲ್ಲ. ಟಿವಿಯಲ್ಲಿ ಬಣ್ಣ ತೆಗೆದರೆ ಹಳೆಯದು ಸಿಕ್ಕೀತೆ? (ಓದುಗರು, ಮೈಸೂರು)

ಉತ್ತರ: ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣದಲ್ಲಿ ಬಂದವು. ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲಿ ‘ಕಲರ್’ 0ಗೆ ಇಳಿಸಿದರೆ ಬಣ್ಣವೇನೋ ಹೋಗುತ್ತದೆ. ಆದರೆ ಬಣ್ಣ ಹಚ್ಚುವಾಗ ನೆರಳು-ಬೆಳಕಿನ ಪ್ರಮಾಣವನ್ನೂ ತಿದ್ದಿದ್ದರೆ ಅದು ಹಿಂದಿರುಗುವುದಿಲ್ಲ. ಕಪ್ಪುಬಿಳುಪು ಪ್ರತಿ ಸಿಕ್ಕರೆ ಅದನ್ನೇ ನೋಡಿ.

ಬಣ್ಣಕ್ಕಿಂತ ದೊಡ್ಡ ನಷ್ಟ ಚೌಕಟ್ಟಿನದು. 4:3 (ಅಗಲ 4, ಎತ್ತರ 3) ಅಳತೆಯ ಚಿತ್ರವನ್ನು 16:9ರ ಅಗಲ ಪರದೆ ತುಂಬುವಂತೆ ಕತ್ತರಿಸಿದರೆ ಎತ್ತರದ ಕಾಲು ಭಾಗ ಹೋಯಿತು. ನೃತ್ಯದಲ್ಲಿ ಮೊದಲು ಮಾಯವಾಗುವುದು ಪಾದಗಳು. ಕತ್ತರಿ ಚಿತ್ರದ್ದೋ ನಿಮ್ಮ ಟಿವಿಯದ್ದೋ ತಿಳಿಯಲು ಪಿಕ್ಚರ್ ಸೈಜ್‌ನಲ್ಲಿ ‘4:3’ ಅಥವಾ ‘ಒರಿಜಿನಲ್’ ಒತ್ತಿ. ಎಡಬಲದಲ್ಲಿ ಕಪ್ಪು ಪಟ್ಟಿ ಬಂದು ಮೇಲೆ-ಕೆಳಗೆ ಹೊಸದಾಗಿ ಏನಾದರೂ ಕಂಡರೆ ‘ಜೂಮ್’ ಆಗಿತ್ತು ಎಂದರ್ಥ. ದಪ್ಪಗಿದ್ದ ಮುಖ ಮಾತ್ರ ಸಪೂರವಾದರೆ ಚಿತ್ರವನ್ನು ಅಡ್ಡಕ್ಕೆ ಎಳೆಯಲಾಗಿತ್ತು. ಮುಖ ತೀರಾ ಕೋಲಾಗಿ, ಹೊಸದೇನೂ ಕಾಣದಿದ್ದರೆ ಕಳಿಸಿದವರೇ ಕತ್ತರಿಸಿದ್ದಾರೆ, ರಿಮೋಟ್‌ನಿಂದ ಆಗುವುದೇನಿಲ್ಲ.

ಪ್ರಶ್ನೆ: ಹೊಸ ಟಿವಿ ತಂದಮೇಲೆ ಹಳೇ ಸಿನಿಮಾ ಕೂಡ ಮೆಗಾ ಧಾರಾವಾಹಿಯಂತೆ ಕಾಣುತ್ತದೆ. (ಓದುಗರು, ಹುಬ್ಬಳ್ಳಿ)

ಉತ್ತರ: ಸಿನಿಮಾಗೆ ಸೆಕೆಂಡಿಗೆ 24 ಚೌಕಟ್ಟು, ಅಂದರೆ ಬಿಡಿ ಚಿತ್ರಗಳು. ಟಿವಿ ನಡುವೆ ತಾನೇ ಚೌಕಟ್ಟು ಕಟ್ಟಿ ತುಂಬಿ ಚಲನೆಯನ್ನು ನುಣುಪಾಗಿಸುತ್ತಿದೆ. ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಸ್ಯಾಮ್‌ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’, ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದೊಂದೇ ಸಾಕು. ಸೆಟ್ ಟಾಪ್ ಬಾಕ್ಸ್‌ಗೂ ಆ್ಯಪ್‌ಗೂ ಬೇರೆಬೇರೆಯಾಗಿ ಮಾಡಬೇಕಾಗಬಹುದು. ಕ್ರಿಕೆಟ್‌ಗೆ ಬೇಕಿದ್ದರೆ ಇಟ್ಟುಕೊಳ್ಳಿ.

ಪ್ರಶ್ನೆ: ‘ಮಾಲ್ಗುಡಿ ಡೇಸ್’ನ ಕೆಲವು ಕಂತುಗಳ ಹದವೇ ಬೇರೆ. ನನ್ನ ಭ್ರಮೆಯೇ? (ಓದುಗರು, ತೀರ್ಥಹಳ್ಳಿ)

ಉತ್ತರ: ಅಲ್ಲ. 1986ರಲ್ಲಿ ದೂರದರ್ಶನದಲ್ಲಿ ಶುರುವಾದ ಸರಣಿಯ 39 ಕಂತುಗಳು ಶಂಕರ್ ನಾಗ್ ಅವರವು, ಹೆಚ್ಚಿನವು ನಿಮ್ಮ ಪಕ್ಕದ ಆಗುಂಬೆಯಲ್ಲೇ ಚಿತ್ರಿತವಾದವು. ಅವರು 1990ರಲ್ಲಿ ತೀರಿಕೊಂಡರು. 2006ರಲ್ಲಿ ಪ್ರಸಾರವಾದ 15 ಕಂತುಗಳನ್ನು ನಿರ್ದೇಶಿಸಿದವರು ಕವಿತಾ ಲಂಕೇಶ್. ಈಗ ಎರಡೂ ಒಟ್ಟಿಗೇ ಸಿಗುವುದರಿಂದ ಈ ಗೊಂದಲ; ಟೈಟಲ್ ಕಾರ್ಡಿನಲ್ಲಿ ನಿರ್ದೇಶಕರ ಹೆಸರು ನೋಡಿಕೊಂಡು ಮುಂದುವರಿಯಿರಿ.