200 ಮೀಟರ್‌ಗೆ 1-6 ಸಾಕಾ, 1-10 ಬೇಕಾ?

25ರಿಂದ 200 ಮೀಟರ್‌ವರೆಗೆ ಗುರಿಹಲಗೆಗೆ ಮಾತ್ರ ಹೊಡೆಯುತ್ತೇನೆ, 1-6 ಸ್ಕೋಪ್ (ಗುರಿಯನ್ನು 1ರಿಂದ 6 ಪಟ್ಟು ಹತ್ತಿರ ತೋರಿಸುವ ರೈಫಲ್ ದುರ್ಬೀನು) ಸಾಕಾ, 1-10 ಬೇಕಾ ಎಂದು ಕೇಳಿದ್ದೀರಿ. ಖಂಡಿತ 1-6 ಸಾಕು.

ಮುಖ್ಯ ಕಾರಣ ಬೆಳಕು. ಈ ಬಗೆಯ ಸ್ಕೋಪ್‌ಗಳ ಮುಂದಿನ ಗಾಜು ಸಾಮಾನ್ಯವಾಗಿ 24 ಮಿ.ಮೀ. ಇರುತ್ತದೆ. ಅದನ್ನು ಜೂಮ್‌ನಿಂದ ಭಾಗಿಸಿ ನೋಡಿ. 6ರಲ್ಲಿ ಕಣ್ಣಿಗೆ ಬರುವ ಬೆಳಕಿನ ವೃತ್ತ 4 ಮಿ.ಮೀ., 10ರಲ್ಲಿ ಬರೀ 2.4. ವೃತ್ತ ಚಿಕ್ಕದಾದಷ್ಟೂ ಸಂಜೆ ಬೆಳಕಲ್ಲಿ ಚಿತ್ರ ಮಂಕಾಗುತ್ತದೆ. ತಲೆ ಚೂರು ಅಲುಗಿದರೂ ಅಂಚಿನಲ್ಲಿ ಕಪ್ಪು ನೆರಳು ಬರುತ್ತದೆ. ಜೂಮ್ ಜಾಸ್ತಿ ಇದ್ದೂ ಗುರಿ ಕಾಣದಿದ್ದರೆ ಏನು ಲಾಭ, ಅಲ್ವಾ?

ರೆಟಿಕಲ್, ಅಂದರೆ ಸ್ಕೋಪ್ ಒಳಗೆ ಕಾಣುವ ಗುರಿ ಗೆರೆಗಳ ವಿಷಯದಲ್ಲಿ ನಿಮಗೆ ಸೆಕೆಂಡ್ ಫೋಕಲ್ ಪ್ಲೇನ್ ಹೊಂದುತ್ತದೆ. ಇದರಲ್ಲಿ ಜೂಮ್ ಬದಲಿಸಿದರೂ ಗೆರೆಗಳ ಗಾತ್ರ ಬದಲಾಗದು. 1ರಲ್ಲೂ ಗೆರೆಗಳು ದಪ್ಪಗೆ ಕಾಣುತ್ತವೆ. ಆದರೆ ಅದರ ಅಳತೆ ಗುರುತುಗಳು ಸಾಮಾನ್ಯವಾಗಿ ಗರಿಷ್ಠ ಜೂಮ್‌ನಲ್ಲಿ ಮಾತ್ರ ಸರಿ. ಇದನ್ನು ಮರೆಯಬೇಡಿ. ಜೂಮ್ ಜೊತೆ ಗೆರೆಗಳೂ ಹಿಗ್ಗಿ ಕುಗ್ಗುವ ಫಸ್ಟ್ ಫೋಕಲ್ ಪ್ಲೇನ್‌ನಲ್ಲಿ ಗುರುತು ಎಲ್ಲ ಜೂಮ್‌ನಲ್ಲೂ ಸರಿ ಇರುತ್ತದೆ, ಆದರೆ 1ರಲ್ಲಿ ರೆಟಿಕಲ್ ತೀರಾ ಸಣ್ಣದಾಗುತ್ತದೆ. ಆಗ ಹಗಲಲ್ಲೂ ಕಾಣುವಷ್ಟು ಪ್ರಖರವಾದ ದೀಪ ಅದರಲ್ಲಿ ಇರಲೇಬೇಕು.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಸ್ಕೋಪ್ ಕೂರಿಸಿದ ಖಾಲಿ ರೈಫಲ್ ಹಿಡಿದು, ಕಣ್ಣು ಮುಚ್ಚಿ, ಕೆನ್ನೆ ಒರಗಿಸಿ. ಆಮೇಲೆ ಕಣ್ಣು ತೆರೆಯಿರಿ. ತಲೆ ಸರಿಸದೆಯೇ ಪೂರ್ತಿ ಚಿತ್ರ ಕಾಣಬೇಕು. 1ರಲ್ಲಿ ಸುಲಭವಾಗಿ ಕಾಣುತ್ತದೆ, 6ರಲ್ಲೂ ನೋಡಿ. ಅಲ್ಲಿ ಕತ್ತು ಹೊಂದಿಸಬೇಕಾಗಿ ಬಂದರೆ ಮೌಂಟ್ (ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಹಿಡಿಕೆ) ಹಿಂದೆ ಮುಂದೆ ಮಾಡಿಸಿ. ಆಗಲೂ ಸರಿಹೋಗದಿದ್ದರೆ ಬೇರೆ ಮಾಡೆಲ್ ನೋಡಿ.