ಬಿದ್ದ ಮೇಲೆ ಆಟ ಏನು ಮಾಡುತ್ತದೆ ನೋಡಿ

ಪ್ರಶ್ನೆ: ನನ್ನ ಮಗ ಐದನೇ ಕ್ಲಾಸು. ದಸರಾ ರಜೆಯಲ್ಲಿ ನನ್ನ ಫೋನಿಗೆ ಸಬ್‌ವೇ ಸರ್ಫರ್ಸ್ ಹಾಕಿಕೊಂಡ. ಈಗ ಅದೇ ತರಹದ ಇನ್ನೆರಡು ಓಡುವ ಆಟ ಬೇಕಂತೆ. ಎಲ್ಲವೂ ಫ್ರೀ. ಆಡಲು ಯೋಗ್ಯವೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಸ್ಟಾರ್ ನೋಡಿದರೆ ಸಾಕಾ?
– ಓದುಗರೊಬ್ಬರು, ಶಿರಸಿ

ಉತ್ತರ: ಸ್ಟಾರ್ ಬಿಡಿ. ಮೊದಲು ನೀವೇ ಆಡಿ, ಬೇಕಂತಲೇ ಹೋಗಿ ಗುದ್ದಿಕೊಳ್ಳಿ. ಓಡುವ ಆಟಕ್ಕೆ ಕೊನೆ ಇಲ್ಲ. ಎಷ್ಟೇ ಚೆನ್ನಾಗಿ ಆಡಿದರೂ ಎಲ್ಲೋ ಒಂದು ಕಡೆ ಬೀಳಲೇಬೇಕು, ಅಲ್ವಾ? ಬಿದ್ದವರನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದರಲ್ಲೇ ಅದರ ಗುಣ ಗೊತ್ತಾಗುತ್ತದೆ.

ನಿಮ್ಮ ಮಗನ ಆಟವನ್ನೇ ತಗೊಳ್ಳಿ. ಡೆನ್ಮಾರ್ಕಿನಲ್ಲಿ ತಯಾರಾಗಿ 2012ರಲ್ಲಿ ಬಂದದ್ದು. ಮೂರು ಹಳಿ, ಎದುರಿಗೆ ರೈಲು, ಹಿಂದೆ ಗಾರ್ಡು ಮತ್ತು ಅವನ ನಾಯಿ. ರೈಲಿನ ಪಕ್ಕಕ್ಕೆ ತಗುಲಿದರೆ ಹುಡುಗ ಮುಗ್ಗರಿಸುತ್ತಾನೆ, ಗಾರ್ಡು ಹತ್ತಿರ ಬರುತ್ತಾನೆ. ಚೇತರಿಸಿಕೊಳ್ಳುವ ಮೊದಲೇ ಇನ್ನೊಮ್ಮೆ ತಗುಲಿದರೆ ಹಿಡಿದೇ ಬಿಡುತ್ತಾನೆ. ಹಾರಿದ ಹುಡುಗನನ್ನು ಗಾಳಿಯಲ್ಲೇ ಪಕ್ಕದ ಹಳಿಗೆ ಸರಿಸಬಹುದು. ಬೆರಳನ್ನು ಕೆಳಕ್ಕೆ ಎಳೆದರೆ ತಟ್ಟನೆ ಇಳಿದು ಉರುಳುತ್ತಾನೆ. ಇದು ಕೈಗೆ ಬಂದ ಮೇಲೆ ಆಟದ ರುಚಿಯೇ ಬೇರೆ! ಬಿದ್ದಾಗ 'ಛೆ, ನಾನೇ ತಡ ಮಾಡಿದೆ' ಅನ್ನಿಸುತ್ತದೆ ಹೊರತು ಮೋಸ ಹೋದ ಹಾಗೆ ಅನ್ನಿಸುವುದಿಲ್ಲ. ಹಾಗೆ ಅನ್ನಿಸುವ ಆಟವನ್ನು ನಾನು ಧಾರಾಳವಾಗಿ ಒಳ್ಳೆಯದು ಅನ್ನುತ್ತೇನೆ.

ಆದರೆ ಗುದ್ದಿದ ಕ್ಷಣವೇ ಒಂದು ಕೀ ಚಿತ್ರ ಬರುತ್ತದೆ. ಕೀ ಕೊಟ್ಟರೆ ಅಲ್ಲಿಂದಲೇ ಮುಂದೆ ಓಡಬಹುದು. ಮೊದಲ ಸಲ ಒಂದು ಕೀ. ಅದೇ ಓಟದಲ್ಲಿ ಮತ್ತೆ ಬಿದ್ದರೆ ಎರಡು, ಆಮೇಲೆ ನಾಲ್ಕು, ಎಂಟು. ಯೋಚಿಸಲು ಪುರುಸೊತ್ತು ಕೊಡುವುದಿಲ್ಲ. ಕೀ ಆಡುತ್ತಾ ಆಡುತ್ತಾ ಸಿಗುತ್ತದೆ, ದುಡ್ಡಿಗೂ ಸಿಗುತ್ತದೆ. ಫ್ರೀ ಆಟದ ಅಂಗಡಿ ಇರುವುದು ಇಲ್ಲೇ. ಈ ದುಪ್ಪಟ್ಟಿನ ಲೆಕ್ಕವನ್ನು ಮಗನಿಗೆ ಪೇಪರ್ ಮೇಲೆ ಬರೆದು ತೋರಿಸಿ, ಐದನೇ ಕ್ಲಾಸಿನವನಿಗೆ ಖಂಡಿತ ಅರ್ಥವಾಗುತ್ತದೆ. ಕೀ ಬದಲು ಹುಡುಗ ನಿಂತು ತೇಲುವ ಹಲಗೆ, ಅಂದರೆ ಹೋವರ್‌ಬೋರ್ಡ್ ಬಳಸಲಿ. ಎರಡು ಸಲ ತಟ್ಟಿದರೆ 30 ಸೆಕೆಂಡು ಕಾಪಾಡುತ್ತದೆ, ಆಟದಲ್ಲಿ ಕೂಡಿಟ್ಟ ನಾಣ್ಯಕ್ಕೇ ಸಿಗುತ್ತದೆ.

ಇನ್ನು ಜಾಹೀರಾತು. 'ನೋಡಿದರೆ ಬಹುಮಾನ' ಅಂತ ಕೇಳಿ ತೋರಿಸುವುದು ಪರವಾಗಿಲ್ಲ, ಬೇಡ ಅನ್ನಬಹುದು. ಕೇಳದೇ ಪ್ರತಿ ಸಲ ಬಿದ್ದಾಗಲೂ ನುಗ್ಗುವುದು, ಮುಚ್ಚುವ ಗುರುತನ್ನು ಮೂಲೆಯಲ್ಲಿ ಕಡಲೆಬೇಳೆಯಷ್ಟು ಮಾಡಿ ಇಡುವುದು, ಅದನ್ನು ಒತ್ತಲು ಹೋದರೆ ಪ್ಲೇ ಸ್ಟೋರ್ ತೆರೆಯುವುದು – ಇದನ್ನು ನಾನು ಸಹಿಸುವುದಿಲ್ಲ. ಓಟಕ್ಕಿಂತ ಜಾಹೀರಾತೇ ಜಾಸ್ತಿ ಹೊತ್ತು ನಡೆದರೆ ಅವತ್ತೇ ತೆಗೆದುಹಾಕಿ. ಏರೋಪ್ಲೇನ್ ಮೋಡ್‌ಗೆ ಹಾಕಿಯೂ ನೋಡಿ. ಸಬ್‌ವೇ ಸರ್ಫರ್ಸ್ ನೆಟ್ ಇಲ್ಲದೆಯೂ ಓಡುತ್ತದೆ. ಒಬ್ಬರೇ ಓಡುವ ಆಟ ನೆಟ್ ಇಲ್ಲದಿದ್ದರೆ ತೆರೆಯುವುದೇ ಇಲ್ಲ ಅಂದರೆ ನನಗಂತೂ ಬೇಡ.

ಫೋನ್ ನಿಮ್ಮದಾದ್ದರಿಂದ ಒಂದು ಕೆಲಸ ಇವತ್ತೇ ಮಾಡಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಹೊಸ ಆಟ ಹಾಕುವ ಮುನ್ನ ತಯಾರಕರ ಹೆಸರು ನೋಡಿ, ಸಬ್‌ವೇ ಸರ್ಫರ್ಸ್‌ನದ್ದು ಸೈಬೋ ಗೇಮ್ಸ್. ನಕಲುಗಳು ಬೇಕಾದಷ್ಟಿವೆ. ಓಡುವ ಆಟ ಕಾಂಟ್ಯಾಕ್ಟ್ಸ್ ಕೇಳಿದರೆ ಕೊಡಬೇಡಿ.

ಪ್ರಶ್ನೆ: ಟೆಂಪಲ್ ರನ್ ಈಗಲೂ ಆಡಬಹುದಾ, ಹಳತಾಯಿತಾ?
– ಓದುಗರೊಬ್ಬರು, ಗದಗ

ಉತ್ತರ: ಆಡಿ. 2011ರ ಓಡುವ ಆಟ, ಅಮೆರಿಕದ ಗಂಡ ಹೆಂಡತಿ ಕಟ್ಟಿದ ಪುಟ್ಟ ಕಂಪನಿಯದ್ದು. ಮೊದಲು ದುಡ್ಡಿಗೆ ಮಾರುತ್ತಿದ್ದರು, ಆಮೇಲೆ ಫ್ರೀ ಮಾಡಿದರು. ಫೋನನ್ನೇ ಎಡಕ್ಕೆ ಬಲಕ್ಕೆ ವಾಲಿಸಿ ನಾಣ್ಯ ಆರಿಸುವ ಖುಷಿ ಇದರಲ್ಲಿದೆ. ಬಸ್ಸಿನಲ್ಲಿ ನಿಂತು ಮಾತ್ರ ಆಡಬೇಡಿ, ಪ್ರತಿ ತಿರುವಿಗೂ ಪಕ್ಕದವರಿಗೆ ಮೊಣಕೈ ತಗಲುತ್ತದೆ.