ಒಳಜಾಲದ ಹೆಸರು: ಡಾಟ್ ಲೋಕಲ್ ಬೇಡ

ಪ್ರಶ್ನೆ: ನಮ್ಮ ಸಹಕಾರ ಸಂಘಕ್ಕೆ ಬದಿಯಡ್ಕದಲ್ಲಿ ಮುಖ್ಯ ಕಚೇರಿ, ಕುಂಬಳೆ ಮತ್ತು ಪೆರ್ಲದಲ್ಲಿ ಶಾಖೆ. 22 ಕಂಪ್ಯೂಟರುಗಳಿವೆ. ಹೊಸ ವಿಂಡೋಸ್ ಸರ್ವರಿನಲ್ಲಿ ಆಕ್ಟಿವ್ ಡೈರೆಕ್ಟರಿ (ಎಡಿ: ಬಳಕೆದಾರರನ್ನೂ ಕಂಪ್ಯೂಟರುಗಳನ್ನೂ ಒಂದೇ ಕಡೆಯಿಂದ ನಿರ್ವಹಿಸುವ ವ್ಯವಸ್ಥೆ) ಶುರು ಮಾಡುವವರಿದ್ದೇವೆ. ಒಳಜಾಲದ ಹೆಸರಾಗಿ ಸಂಘದ ಹೆಸರಿಗೆ ಡಾಟ್ ಲೋಕಲ್ ಸೇರಿಸಿದರೆ ಸಾಕಂತೆ. ಸರಿಯೇ? ನಮಗೆ ಡಾಟ್ ಇನ್ ವೆಬ್‌ಸೈಟೂ ಇದೆ.
– ಓದುಗರು, ಬದಿಯಡ್ಕ

ಉತ್ತರ: ಸರಿಯಲ್ಲ. ಡಾಟ್ ಲೋಕಲ್ 2013ರಿಂದ ಮಲ್ಟಿಕಾಸ್ಟ್ ಡಿಎನ್ಎಸ್‌ಗೆ ಮೀಸಲು. (ಡಿಎನ್ಎಸ್ ಎಂದರೆ ಹೆಸರಿನಿಂದ ಯಂತ್ರದ ವಿಳಾಸ ಹುಡುಕಿಕೊಡುವ ವ್ಯವಸ್ಥೆ.) ಆ ಹೆಸರು ಕಂಡರೆ ಮ್ಯಾಕ್, ಐಫೋನ್, ಹಲವು ಲಿನಕ್ಸ್ ಯಂತ್ರಗಳು ನಿಮ್ಮ ಡಿಎನ್ಎಸ್ ಸರ್ವರನ್ನು ಬಿಟ್ಟು ಅಕ್ಕಪಕ್ಕದ ಯಂತ್ರಗಳನ್ನೇ ಕೂಗಿ ಕೇಳುತ್ತವೆ. ವಿಂಡೋಸ್ ಮಾತ್ರ ಇರುವಷ್ಟು ದಿನ ಏನೂ ಗೊತ್ತಾಗದು.

ಡಾಟ್ ಇನ್ ಹೆಸರು ಕೈಯಲ್ಲೇ ಇದೆಯಲ್ಲ, ಅದರ ಕೆಳಗೆ ಉಪಡೊಮೇನ್ ಮಾಡಿ. ವೆಬ್‌ಸೈಟ್ 'ಸಂಘ ಡಾಟ್ ಇನ್' ಎಂದಿಟ್ಟುಕೊಳ್ಳಿ, ಒಳಜಾಲ 'ಎಡಿ ಡಾಟ್ ಸಂಘ ಡಾಟ್ ಇನ್' ಆಗಲಿ. ಇದನ್ನು ಹೊರಗಿನ ಡಿಎನ್ಎಸ್‌ನಲ್ಲಿ ಹಾಕಬೇಕಾಗಿಲ್ಲ, ನಿಮ್ಮ ಸರ್ವರಿಗೆ ಗೊತ್ತಿದ್ದರೆ ಸಾಕು. ಮುಂದೆ ಒಳಗಿನ ಯಂತ್ರಕ್ಕೆ ಸುರಕ್ಷಿತ ಸಂಪರ್ಕದ ಎಸ್ಎಸ್ಎಲ್ ಸರ್ಟಿಫಿಕೇಟ್ ಬೇಕಾದರೂ ಸಿಗುತ್ತದೆ. ಡಾಟ್ ಲೋಕಲ್‌ಗೆ ಅದನ್ನು ಯಾವ ಸಾರ್ವಜನಿಕ ಸರ್ಟಿಫಿಕೇಟ್ ಸಂಸ್ಥೆಯೂ ಕೊಡುವುದಿಲ್ಲ. ಡಾಟ್ ಇನ್ ನೋಂದಣಿ ಮಾತ್ರ ಸಂಘದ ಹೆಸರಿನಲ್ಲೇ ಇರಲಿ, ಸರ್ವರ್ ಮಾರಿದವರ ಹೆಸರಿನಲ್ಲಲ್ಲ. ಅವಧಿ ಮುಗಿದು ಅದು ಬೇರೆಯವರ ಪಾಲಾದರೆ ನಿಮ್ಮ ಒಳಜಾಲದ ಹೆಸರಿಗೆ ಅವರೇ ಯಜಮಾನರು.

ಉಪಡೊಮೇನ್ ಯಾಕೆ, ವೆಬ್‌ಸೈಟಿನ ಹೆಸರನ್ನೇ ಇಡಬಾರದೇ ಎಂದರೆ, ಡೊಮೇನ್ ಕಂಟ್ರೋಲರ್ (ಆಕ್ಟಿವ್ ಡೈರೆಕ್ಟರಿ ನಡೆಸುವ ನಿಮ್ಮ ಸರ್ವರ್) ಆ ಹೆಸರಿಗೆ ತನ್ನ ಐಪಿ ವಿಳಾಸವನ್ನೇ ಬರೆದುಕೊಳ್ಳುತ್ತದೆ. ಆಮೇಲೆ ಮೊಬೈಲಿನಲ್ಲಿ ತೆರೆಯುವ ವೆಬ್‌ಸೈಟ್ ಕಚೇರಿಯ ಕಂಪ್ಯೂಟರಿನಲ್ಲಿ ತೆರೆಯದು.

ಸರ್ವರಿನ ವಿಝಾರ್ಡ್‌ನಲ್ಲಿ ನೆಟ್‌ಬಯೋಸ್ ಹೆಸರು, ಅಂದರೆ ಡೊಮೇನಿನ ಚಿಕ್ಕ ಹೆಸರು, ಕೇಳುವ ಪುಟದಲ್ಲಿ ಸುಮ್ಮನೆ 'ನೆಕ್ಸ್ಟ್' ಒತ್ತಬೇಡಿ. ಅಲ್ಲಿ ಮೊದಲ ಭಾಗವಾದ 'ಎಡಿ' ತಾನಾಗಿ ಬಂದು ಕೂತಿರುತ್ತದೆ; ಲಾಗಿನ್ ಪರದೆಯಲ್ಲಿ ದಿನಾ ಕಾಣುವುದು ಅದೇ. ಅಳಿಸಿ 'ಸಂಘ' ಎಂದು ಕೊಡಿ. ಗರಿಷ್ಠ 15 ಅಕ್ಷರ, ಇಂಗ್ಲಿಷಿನಲ್ಲಿ. ಅಂಡರ್‌ಸ್ಕೋರ್ ಬೇಡ.

ಊರಿನ ಹೆಸರನ್ನು ಡೊಮೇನಿಗೆ ತರಬೇಡಿ. ಕಾಸರಗೋಡನ್ನೇ ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ, ಒಬ್ಬರ ಕುಂಬಳೆ ಇನ್ನೊಬ್ಬರ ಕುಂಬ್ಲ. ಕಾಗುಣಿತದ ಜಗಳ ಪಾಸ್‌ವರ್ಡಿನ ಜಗಳಕ್ಕಿಂತ ಕೆಟ್ಟದ್ದು! ಶಾಖೆಯ ಗುರುತು ಕಂಪ್ಯೂಟರಿನ ಹೆಸರಿನಲ್ಲಿರಲಿ: ಕೆಬಿಎಲ್-01, ಪಿಆರ್‌ಎಲ್-03.

ಪ್ರತಿ ಕಂಪ್ಯೂಟರಿನ ಡಿಎನ್ಎಸ್ ಜಾಗದಲ್ಲಿ ಡೊಮೇನ್ ಕಂಟ್ರೋಲರಿನ ಐಪಿ ಮಾತ್ರ ಇರಬೇಕು. ಎರಡನೆಯದಾಗಿ ಗೂಗಲ್ಲಿನ ಸಾರ್ವಜನಿಕ ಡಿಎನ್ಎಸ್ ಆದ 8.8.8.8 ಹಾಕಿದರೆ ಕೆಲವೊಮ್ಮೆ ಪ್ರಶ್ನೆ ಅಲ್ಲಿಗೆ ಹೋಗಿ 'ಅಂಥ ಹೆಸರಿಲ್ಲ' ಎಂಬ ಉತ್ತರ ಬರುತ್ತದೆ. ಒಂದು ದಿನ ಲಾಗಿನ್ ಆದದ್ದು ಮರುದಿನ ಆಗುವುದಿಲ್ಲ. 8.8.8.8 ಅನ್ನು ಸರ್ವರಿನೊಳಗೆ ಫಾರ್ವರ್ಡರ್ (ತನಗೆ ಗೊತ್ತಿಲ್ಲದ ಹೆಸರನ್ನು ಸರ್ವರ್ ಕೇಳುವ ಜಾಗ) ಆಗಿ ಕೊಡಿ.

ಪ್ರಶ್ನೆ: ಸ್ವಂತ ಡೊಮೇನ್ ಇಲ್ಲದವರು ಏನು ಮಾಡಬೇಕು?
– ಓದುಗರು, ತಾಳವಾಡಿ

ಉತ್ತರ: ಡಾಟ್ ಇಂಟರ್ನಲ್ ಬಳಸಿ. 2024ರಲ್ಲಿ ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಅದನ್ನು ಖಾಸಗಿ ಜಾಲಗಳಿಗೆಂದೇ ಕಾಯ್ದಿರಿಸಿದೆ. ಮನೆಯ ಜಾಲಕ್ಕಾದರೆ 'ಹೋಮ್ ಡಾಟ್ ಅರ್ಪಾ'. ಡಾಟ್ ಡೆವ್ ಮುಟ್ಟಬೇಡಿ, ಅದು ಗೂಗಲ್‌ನದು, ಬ್ರೌಸರ್ ಎಚ್‌ಟಿಟಿಪಿಎಸ್ ಇಲ್ಲದೆ ತೆರೆಯುವುದೇ ಇಲ್ಲ.

ಪ್ರಶ್ನೆ: ನಮ್ಮಲ್ಲಿ ಮೊದಲೇ ಡಾಟ್ ಲೋಕಲ್ ಇದೆ. ಬದಲಿಸಬೇಕೇ?
– ಓದುಗರು, ಅಕ್ಕಲಕೋಟೆ

ಉತ್ತರ: ತೊಂದರೆ ಇಲ್ಲದಿದ್ದರೆ ಮುಟ್ಟಬೇಡಿ. ಡೊಮೇನಿನ ಹೆಸರು ಬದಲಿಸಲು ರೆಂಡಮ್ ಎಂಬ ಸಾಧನವಿದೆ ನಿಜ, ಆದರೆ ಎಕ್ಸ್‌ಚೇಂಜ್ ಮೇಲ್ ಸರ್ವರ್ ಇರುವ ಡೊಮೇನಿಗೆ ಅದು ಆಗಿಬರುವುದಿಲ್ಲ. ಮೈಕ್ರೋಸಾಫ್ಟ್ 365ಗೆ ಇಮೇಲ್ ಹೆಸರಿನಿಂದಲೇ ಲಾಗಿನ್ ಆಗಬೇಕೆಂಬುದಷ್ಟೇ ನಿಮ್ಮ ಅಗತ್ಯವಾದರೆ, 'ಡೊಮೇನ್ಸ್ ಆ್ಯಂಡ್ ಟ್ರಸ್ಟ್ಸ್' ತೆರೆದು ನಿಮ್ಮ ನೋಂದಾಯಿತ ಹೆಸರನ್ನು ಯುಪಿಎನ್ ಸಫಿಕ್ಸ್ (ಲಾಗಿನ್ ಹೆಸರಿನಲ್ಲಿ @ ಆದಮೇಲೆ ಬರುವ ಭಾಗ) ಆಗಿ ಸೇರಿಸಿ, ಆಮೇಲೆ ಪ್ರತಿ ಬಳಕೆದಾರರ ಖಾತೆಯಲ್ಲೂ ಅದನ್ನೇ ಆರಿಸಿ.